ಖಾನ್ ಸೆಟ್

ಕೆ.ಆರ್. ನಗರದಲ್ಲಿ ನಾಟಕದ ಡ್ರೆಸ್ ಬೇಕೆಂದರೆ ಸರ್ದಾರ್ ಪಾಷಾ ಸಾಬರ ಅಂಗಡಿಗೇ ಹೋಗಬೇಕು. ಬೇರೆ ಅಂಗಡಿ ಇಲ್ಲವೆಂದಲ್ಲ. ಇನ್ನೊಂದಿತ್ತು, ಆದರೆ ಅಲ್ಲಿನ ಕಿರೀಟದ ಬಣ್ಣ ಮೊದಲ ಬೆವರಿಗೇ ರಾಜನ ಮೂಗಿನ ಮೇಲೆ ಇಳಿಯುತ್ತಿತ್ತು. ಮಿರ್ಲೆಯಿಂದ ಗಾವಡಗೆರೆಯವರೆಗೆ ಯಾವ ಊರಿನಲ್ಲಿ ಪೌರಾಣಿಕ ನಾಟಕವಾಡಿದರೂ ದೇವರಿಗೆ ಪೀತಾಂಬರ ಉಡಿಸುವವರು, ರಾಜನಿಗೆ ಭುಜಕೀರ್ತಿ ಕಟ್ಟುವವರು, ರಾಕ್ಷಸನಿಗೆ ಮೀಸೆ ಅಂಟಿಸುವವರು ಪಾಷಾ ಸಾಬರೇ. "ದೇವ್ರು ರೆಡಿನಾ ಸಾಬ್ರೇ?" ಎಂದು ಹಾರ್ಮೋನಿಯಂ ಮೇಷ್ಟ್ರು ಕೂಗಿದರೆ, "ಇನ್ನೊಂದ್ ಪಿನ್ ಹಾಕ್ಬೇಕು, ತಡೀರಿ" ಎಂದು ಪರದೆಯ ಹಿಂದಿನಿಂದ ಉತ್ತರ ಬರುತ್ತಿತ್ತು. ಇದರಲ್ಲಿ ಯಾರಿಗೂ ವಿಚಿತ್ರ ಕಂಡಿರಲಿಲ್ಲ. ಕಾಣುವಂಥದ್ದೂ ಏನಿಲ್ಲ.

ಅಂಗಡಿಯ ಹಿಂಗೋಡೆಗೆ ತಗಡಿನ ಟ್ರಂಕುಗಳು ಸಾಲಾಗಿ ನಿಂತಿದ್ದವು. ದೇವರ ಸೆಟ್, ರಾಜರ ಸೆಟ್, ರಾಕ್ಷಸರ ಸೆಟ್. ಮೂಲೆಯಲ್ಲಿದ್ದದ್ದು ಖಾನ್ ಸೆಟ್. ಚಾರಿತ್ರಿಕ ನಾಟಕದಲ್ಲಿ ದಂಡೆತ್ತಿ ಬಂದು, ಊರು ಸುಟ್ಟು, ಕೊನೆಯ ದೃಶ್ಯದಲ್ಲಿ ಸೋತು ಸಾಯುವುದಕ್ಕೆಂದೇ ಒಬ್ಬ ಸುಲ್ತಾನನಿರುತ್ತಾನಲ್ಲ, ಅವನ ಉಡುಪು ಅದು. ಹಸಿರು ಮಖಮಲ್ಲಿನ ಶೇರ್ವಾನಿ, ಎದೆಗೆ ಅರ್ಧಚಂದ್ರದ ಪದಕ, ಜರಿ ಟೋಪಿ, ಬಾಗಿದ ಕತ್ತಿ, ಹೊಟ್ಟೆವರೆಗೆ ಇಳಿಯುವ ಕರಿಗಡ್ಡ. ಹರೆಯದಲ್ಲಿ ಪಾಷಾ ಸಾಬರೇ ಹೊಲಿದದ್ದು, ಹೆಸರಿಟ್ಟವರೂ ಅವರೇ. ಸುಲ್ತಾನನ ಹೆಸರು ನಾಟಕದಿಂದ ನಾಟಕಕ್ಕೆ ಬದಲಾಗುತ್ತದೆ, ಗಡ್ಡ ಬದಲಾಗುವುದಿಲ್ಲ. ಎಲ್ಲರಿಗೂ ಸೇರಿ ಒಂದು ಹೆಸರಿದ್ದರೆ ಟ್ರಂಕಿನ ಮೇಲೆ ಬರೆಯಲು ಸುಲಭವೆಂದು ಅವರಿಗೆ ತೋಚಿತ್ತು, ಅಷ್ಟೆ.

ಒಂದು ಮಧ್ಯಾಹ್ನ ಉಮಾಶಂಕರ ಮೇಷ್ಟ್ರು ಸ್ಕೂಟರ್ ನಿಲ್ಲಿಸಿ ಒಳಗೆ ಬಂದರು. ಮಿರ್ಲೆಯವರು, ಕೆ.ಆರ್. ನಗರದ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವರು. ಮೀಸೆ ಚಿಗುರುವ ಕಾಲದಿಂದಲೂ ಊರ ನಾಟಕದಲ್ಲಿ ರಾಜನ ಪಾತ್ರ ಅವರದೇ, ಅವರಿಗೆ ಕಿರೀಟ ತೊಡಿಸುವ ಕೈ ಪಾಷಾ ಸಾಬರದೇ. ಇಬ್ಬರ ಸ್ನೇಹಕ್ಕೆ ಮೂವತ್ತು ವರ್ಷವಾಗಿತ್ತು. ಸಾಬರ ಮಗಳು ಅಲ್ಮಾಸ್ ಈಗ ಅದೇ ಮೇಷ್ಟ್ರ ಶಿಷ್ಯೆ.

"ದೊಡ್ ಕೆಲ್ಸ ತಂದಿವ್ನಿ ಕಣ್ರೀ ಸಾಬ್ರೇ. ಕಾಲೇಜುಗಳ ನಾಟ್ಕದ ಸ್ಪರ್ಧೆ, ಈ ಸಲ ನಮ್ಮಲ್ಲೇ. ಹುಣಸೂರು, ಪಿರಿಯಾಪಟ್ಣ, ಕೋಟೆ, ಎಲ್ಲಾ ಕಡೆಯಿಂದ ಬತ್ತಾವ್ರೆ. ನಮ್ ಕಾಲೇಜಿನ ನಾಟ್ಕ ಅರ್ಧ ಮಂಗೋಲರ ಮೇಲೆ, ಇನ್ನರ್ಧ ಅಜ್ಟೆಕ್ಕರ ಮೇಲೆ."

"ಅಜ್ಟೆಕ್ ಅಂದ್ರೆ ಯಾವ್ ಕಡೆಯೋರು ಮೇಷ್ಟ್ರೇ?"

"ಮೆಕ್ಸಿಕೋ. ನೀವು ಸಾರಿಗೆ ಹಾಕೋ ಟೊಮೇಟೊ ಐತಲ್ಲ, ಆ ಹೆಸ್ರೇ ಅವರ ಮಾತು. ಹುಣಸೂರಲ್ಲಿ ಬೆಳೀತಾರಲ್ಲ ಹೊಗೆಸೊಪ್ಪು, ಅದೂ ಆ ಸೀಮೆದೇ. ಅವರ ರಾಜ್ನಿಗೆ ಗರಿ ಕಿರೀಟ ಬೇಕು, ಅದನ್ನ ನೀವೇ ಮಾಡ್ಬೇಕು. ಮಂಗೋಲರ್ದು ಸುಲಭ ಬುಡಿ. ಚಂಗೀಸ್ ಖಾನ್ ಅಂದ್ಮೇಲೆ ಖಾನ್ ಸೆಟ್ಟೇ."

ಪಾಷಾ ಸಾಬರು ಖುಷಿಯಿಂದ ತಲೆಯಾಡಿಸಿದರು. ಖುಷಿಗೆ ಕಾರಣ ಬೇರೆಯಿತ್ತು. ಆ ನಾಟಕದ ಸೂತ್ರಧಾರಿ ಅಲ್ಮಾಸ್. ಅವರ ವಂಶದಲ್ಲಿ ಎಲ್ಲರೂ ಪರದೆಯ ಹಿಂದೆಯೇ ದುಡಿದವರು, ಪರದೆಯ ಮುಂದೆ ನಿಂತು ಮೈಕಿನಲ್ಲಿ ಮಾತಾಡುವವಳು ಇವಳೇ ಮೊದಲು. ಈ ಸುದ್ದಿಯನ್ನು ಅವರು ಪಕ್ಕದ ಚಹಾದಂಗಡಿಯವನಿಗೆ ಮೂರು ಸಲ ಹೇಳಿದ್ದರು. ನಾಲ್ಕನೆಯ ಸಲ ಅವನೇ ಹೇಳಿ ಮುಗಿಸಿದ್ದ.

ಸಂಜೆ ಅಲ್ಮಾಸ್ ಕಾಲೇಜಿನಿಂದ ಬಂದಾಗ ಹಸಿರು ಶೇರ್ವಾನಿ ಅಂಗಡಿಯ ಮುಂದೆ ಬಿಸಿಲಿಗೆ ತೂಗುತ್ತಿತ್ತು. ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸಲೂ ಇಲ್ಲ.

"ಅಬ್ಬಾ, ಇದ್ಯಾಕೆ ತೆಗ್ದಿದ್ದೀರಿ?"

"ನಿಮ್ಮ ನಾಟ್ಕಕ್ಕೇ ಬೇಟಿ. ಚಂಗೇಜ್ ಖಾನ್! ಅರ್ಧ ದುನಿಯಾ ಗೆದ್ದೋನು, ನಮ್ಮೋನು."

"ನಮ್ಮೋನಲ್ಲ ಅಬ್ಬಾ."

"ಅಂದ್ರೆ?"

"ಅವನು ಮುಸಲ್ಮಾನನಲ್ಲ. ಆಕಾಶಾನೇ ದೇವ್ರು ಅಂತ ಪೂಜೆ ಮಾಡೋ ಜನ ಅವ್ರು. ಅವನ ಮೊಮ್ಮಗ ಹುಲಾಗು ಬಾಗ್ದಾದ್ ಸುಟ್ಟ. ಖಲೀಫನ್ನ ರತ್ನಗಂಬಳಿಲಿ ಸುತ್ತಿ ಕುದುರೆಗಳಿಂದ ತುಳಿಸಿದ ಅಂತಾರೆ."

"ಮತ್ತೆ ಖಾನ್ ಅಂತ ಯಾಕಿಟ್ಕೊಂಡ?"

"ಖಾನ್ ಅಂದ್ರೆ ಅವರ ಮಾತಲ್ಲಿ ದೊರೆ. ಅವನ ವಂಶದೋರು ಕೆಲವ್ರು ಆಮೇಲೆ ಮುಸಲ್ಮಾನರಾದ್ರು, ನಿಜ. ಇವನಲ್ಲ."

ಪಾಷಾ ಸಾಬರು ಪೆಚ್ಚಾದರು. ಅರವತ್ತು ಹತ್ತಿರವಾದ ಮೇಲೆ ನೆಂಟನೊಬ್ಬ ನೆಂಟನೇ ಅಲ್ಲವೆಂದು ಗೊತ್ತಾದರೆ ಯಾರಿಗಾದರೂ ಕಸಿವಿಸಿಯೇ. ಮದುವೆ ಮನೆಗಳಲ್ಲಿ ಎಷ್ಟು ಸಲ ಆ ಮನುಷ್ಯನ ಹೆಸರು ಹೇಳಿ ಮೀಸೆ ತಿರುವಿದ್ದರೋ! "ಹೋಗ್ಲಿ ಬಿಡು, ಯಾರಾದ್ರೇನು, ನಾಟ್ಕ ತಾನೇ" ಎಂದು ಗಡ್ಡದ ಸಿಕ್ಕು ಬಿಡಿಸಲು ಕೂತರು.

"ನಾಟ್ಕ ತಾನೇ ಅಲ್ಲ ಅಬ್ಬಾ," ಎಂದಳು ಅಲ್ಮಾಸ್. ಆಮೇಲೆ ಅವಳು ಹೇಳಿದ್ದನ್ನು ಅಂಗಡಿಗೆ ಅಂಟಿದ ಮನೆಯೊಳಗೆ ರೊಟ್ಟಿ ತಟ್ಟುತ್ತಿದ್ದ ಅವಳ ಅಮ್ಮ ಜಾನ್ ಬೀ ಕೂಡ ಬಾಗಿಲಿಗೆ ಬಂದು ಕೇಳಿದರು. ಮಂಗೋಲರ ಪಾಠ ಶುರುವಾದ ದಿನದಿಂದ ಹಾಜರಿಯಲ್ಲಿ ಅವಳ ಹೆಸರು ಬಂದರೆ ಸಾಕು, ಹಿಂದಿನ ಬೆಂಚಿನವರು ಬೆರಳಿನಿಂದ ಟಕಟಕ ಎಂದು ಕುದುರೆ ಓಡಿಸುತ್ತಿದ್ದರು. "ನಿಮ್ಮ ಅಜ್ಜ ಬಂದ ನೋಡು" ಎನ್ನುತ್ತಿದ್ದರು. ಮುಂದಾಳು ಭೇರ್ಯದ ಮಾದೇಶ್. ಅವನೇ ನಾಟಕದಲ್ಲಿ ಚಂಗೀಸ್ ಖಾನ್.

"ಮೇಷ್ಟ್ರಿಗೆ ಹೇಳ್ಬೇಕಿತ್ತು," ಎಂದರು ಜಾನ್ ಬೀ.

"ಹೇಳ್ದೆ ಅಮ್ಮಿ. 'ತಮಾಷೆಗೆ ಆಡ್ತವೆ ಬುಡಮ್ಮ, ನೀನೇ ಸೂತ್ರಧಾರಿ ಅಲ್ವಾ, ಅವನು ಮುಸಲ್ಮಾನನಲ್ಲ ಅಂತ ಮೈಕಲ್ಲೇ ಹೇಳ್ಬುಡು' ಅಂದ್ರು. ಆ ಮಾತನ್ನ ನಾನೇ ಬರ್ದು ಸೇರಿಸಿದೀನಿ. ಆ ಒಂದು ಮಾತಿಗೋಸ್ಕರಾನೇ ಇಷ್ಟು ದಿನ ಹಲ್ಲು ಕಚ್ಚಿಕೊಂಡು ಕೂತಿರೋದು." ಅವಳು ಶೇರ್ವಾನಿಯ ಕಡೆ ಕೈ ತೋರಿಸಿದಳು. "ಇದನ್ನ ಹಾಕ್ಕೊಂಡು ಅವನು ಬಂದ್ರೆ ನನ್ನ ಮಾತು ಯಾರು ಕೇಳ್ತಾರೆ? ಮಾತಿಗಿಂತ ಬಟ್ಟೆ ಜೋರು ಅಂತ ನೀವೇ ಹೇಳ್ತೀರಲ್ಲ. ಇದು ಸ್ಟೇಜ್ ಹತ್ತಿದ್ರೆ ಮಾರನೇ ದಿನದಿಂದ ನಾನು ಆ ಕಾಲೇಜಿಗೆ ಕಾಲಿಡಲ್ಲ."

ಹುಡುಗಿ ಬಾಯಿಮಾತಿಗೆ ಹೇಳುವವಳಲ್ಲ. ಪಾಷಾ ಸಾಬರು ಗಡ್ಡ ಕೆಳಗಿಟ್ಟು ಎದ್ದರು. "ಹತ್ತಲ್ಲ ಬೇಟಿ. ನಾನು ಬೇರೆ ಹೊಲೀತೀನಿ. ಅಸಲಿ ಚಂಗೇಜನ ಡ್ರೆಸ್ಸೇ ಹೊಲೀತೀನಿ," ಎಂದು ಮಾತು ಕೊಟ್ಟು ಶೇರ್ವಾನಿಯನ್ನು ಮಡಿಸಿ ಟ್ರಂಕಿಗೆ ಹಾಕಿ ಬೀಗ ಜಡಿದರು.

ಅಲ್ಲಿಂದಾಚೆಗಿನ ದಿನಗಳು ಆ ಮನೆಗೆ ಹಬ್ಬದಂತಿದ್ದವು. ಅಲ್ಮಾಸ್ ಮೊಬೈಲಿನಲ್ಲಿ ಚಿತ್ರ ತೋರಿಸುವಳು, ಪಾಷಾ ಸಾಬರು ಕನ್ನಡಕ ಏರಿಸಿ ನೋಡುವರು. ಮಂಗೋಲರ ನಿಲುವಂಗಿ ಎದೆಯ ಮೇಲೆ ಹಾಯ್ದು ಬಲಪಕ್ಕಕ್ಕೆ ಗುಂಡಿ ಹಾಕುವಂಥದ್ದು, ಸೊಂಟಕ್ಕೆ ಬಿಗಿದ ಪಟ್ಟಿ, ತುಪ್ಪಳದಂಚಿನ ಟೋಪಿ. ಆ ಜನ ಕುರಿಯ ಉಣ್ಣೆಯನ್ನು ಬಡಿದು ಬಡಿದು ಡೇರೆಯನ್ನೇ ಮಾಡಿಕೊಳ್ಳುತ್ತಿದ್ದರೆಂದು ತಿಳಿದಾಗ ಸಾಬರು ಸಂತೆಗೆ ಹೋಗಿ ಒಳ್ಳೆಯ ಕರಿ ಕಂಬಳಿಯನ್ನೇ ತಂದು ಕತ್ತರಿಗೆ ಕೊಟ್ಟರು. ಅಜ್ಟೆಕ್ ರಾಜನ ಕಿರೀಟಕ್ಕೆ ನಾಟಿ ಹುಂಜದ ಗರಿಗೆ ಹಸಿರು ಬಣ್ಣ ಹಾಕಿ ಒಂದೊಂದಾಗಿ ಕಟ್ಟಿದರು. ಆ ರಾಜ್ಯದಲ್ಲಿ ಗರಿ ಕೆಲಸಕ್ಕೇ ಒಂದು ಕುಲವಿತ್ತು, ಅವರಿಗೇ ಪ್ರತ್ಯೇಕ ಕೇರಿಯಿತ್ತು, ದೊರೆಯೇ ಅವರನ್ನು ಮರ್ಯಾದೆಯಿಂದ ನೋಡುತ್ತಿದ್ದ ಎಂದು ಮಗಳು ಹೇಳಿದಾಗ ಪಾಷಾ ಸಾಬರು ಸೂಜಿ ನಿಲ್ಲಿಸಿ ಕೇಳಿದರು.

"ಆಮೇಲೆ ಏನಾದ್ರು ಅವ್ರು?"

"ಸ್ಪೇನಿನೋರು ಬಂದು ಊರು ಹಾಳು ಮಾಡಿದ್ರು. ಗರಿ ಕೆಲ್ಸದೋರ ಕೈಲಿ ತಮ್ಮ ದೇವ್ರ ಪಟ ಮಾಡಿಸ್ಕೊಂಡ್ರು."

"ಅದ್ರಲ್ಲೇನು? ಇನ್ನೊಬ್ರ ದೇವ್ರಿಗೆ ನಾನೂ ಪೀತಾಂಬರ ಉಡಿಸ್ತೀನಪ್ಪ."

"ನಿಮ್ಮೂರು ಸುಟ್ಟು ಯಾರೂ ಉಡಿಸು ಅನ್ಲಿಲ್ಲ ಅಬ್ಬಾ," ಎಂದು ಅಲ್ಮಾಸ್ ನಕ್ಕಳು. ಸಾಬರೂ ನಕ್ಕರು.

ಒಂದು ಕೆಲಸ ಮಾತ್ರ ಅವರು ಮಾಡಲಿಲ್ಲ. ಉಮಾಶಂಕರ ಮೇಷ್ಟ್ರಿಗೆ ವಿಷಯ ಹೇಳಲಿಲ್ಲ. ಮೇಷ್ಟ್ರು ಎರಡು ಸಲ ಅಂಗಡಿಗೆ ಬಂದರು, ಚಹಾ ಕುಡಿದರು, ಹೋದರು. ಹೇಳುವುದಾದರೂ ಹೇಗೆ? ನಿಮ್ಮ ಹುಡುಗರು ನನ್ನ ಮಗಳನ್ನು ಹೀಗೆಲ್ಲ ಆಡಿಕೊಳ್ಳುತ್ತಾರೆ ಎಂದರೆ, ಮೂವತ್ತು ವರ್ಷ ಇಬ್ಬರೂ ಬಾಯಿಗೆ ತಾರದೆ ಜೋಪಾನ ಮಾಡಿಕೊಂಡು ಬಂದ ಮಾತನ್ನು ಇವರೇ ಎತ್ತಿದಂತಾಗುತ್ತದೆ. ಆ ಡ್ರೆಸ್ ಬೇಡವೆಂದರೆ, ಇಷ್ಟು ವರ್ಷ ಬಾಡಿಗೆಗೆ ಕೊಟ್ಟವರು ಯಾರು ಎಂದು ಕೇಳಿದರೆ? ಮಾತು ಬೆಳ್ಳಿ, ಮೌನ ಬಂಗಾರ ಎಂದು ಬಲ್ಲವರು ಹೇಳಿದ್ದಾರೆ. ಬಡವನ ಮನೆಯಲ್ಲಿ ಆ ಬಂಗಾರ ಯಾವ ಗಿರವಿಗೂ ಬರುವುದಿಲ್ಲವೆಂದು ಅವರು ಹೇಳಲಿಲ್ಲ. ಹೊಸ ಡ್ರೆಸ್ಸು ನೋಡಿದರೆ ಮೇಷ್ಟ್ರೇ ಖುಷಿಪಡುತ್ತಾರೆ, ಮಾತೇ ಬೇಕಾಗುವುದಿಲ್ಲ ಎಂದು ಪಾಷಾ ಸಾಬರು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು.

ಸ್ಪರ್ಧೆಯ ದಿನ ಮಧ್ಯಾಹ್ನ ಕಾಲೇಜಿನ ಸಭಾಂಗಣ ತುಂಬಿ ಕಿಟಕಿಗಳಲ್ಲೂ ತಲೆಗಳಿದ್ದವು. ಪಿರಿಯಾಪಟ್ಟಣದವರ ನಾಟಕ ಮುಗಿಯುತ್ತಿತ್ತು. ಪರದೆಯ ಹಿಂದಿನ ಕೋಣೆಯಲ್ಲಿ ಪಾಷಾ ಸಾಬರು ಕಂಬಳಿಯ ನಿಲುವಂಗಿಯನ್ನು ಕೊಡವಿ ಮಾದೇಶನ ಮುಂದೆ ಹಿಡಿದರು. ಮಾದೇಶ್ ಅದನ್ನು ನೋಡಿದ, ಸಾಬರನ್ನು ನೋಡಿದ.

"ಇದೇನ್ ಸಾಬ್ರೇ? ಕುರಿ ಕಾಯಕ್ಕೋಗ್ಬೇಕಾ ನಾನು?"

"ಅಸಲಿ ಇದೇ ಕಣಪ್ಪ. ಅವ್ರು ಇಂಗೇ ಉಡ್ತಿದ್ದಿದ್ದು."

"ಅಸಲಿ ಯಾವನಿಗೆ ಬೇಕು? ಜನ ನಗಾಡ್ತರೆ. ಸಾರ್, ನೋಡಿ ಸಾರ್ ಇಲ್ಲಿ!"

ಉಮಾಶಂಕರ ಮೇಷ್ಟ್ರು ಬಂದು ಬಟ್ಟೆಯನ್ನು ಮುಟ್ಟಿ ನೋಡಿದರು. ಕೆಲಸ ಚೆನ್ನಾಗಿದೆಯೆಂದು ಅವರ ಕಣ್ಣೇ ಹೇಳಿತು. ಆದರೂ ತಲೆ ಕೆರೆದುಕೊಂಡರು. "ಭೇಷಾಗೈತೆ ಸಾಬ್ರೇ, ಇಲ್ಲ ಅನ್ನಲ್ಲ. ಪಾಠ ಮಾಡೋನು ನಾನೇ, ಅವನು ಏನು ಉಡ್ತಿದ್ದ ಅಂತ ನಂಗೂ ಗೊತ್ತು. ಆದ್ರೆ ನಾಟ್ಕ ಅಂದ್ಮೇಲೆ ಪರದೆ ಎದ್ದೇಟ್ಗೆ ಜನಕ್ಕೆ ತಟ್ಟಂತ ಗೊತ್ತಾಗ್ಬೇಕಲ್ವಾ ಇವನು ವಿಲನ್ನು ಅಂತ? ಖಾನ್ ಸೆಟ್ ಎಲ್ಲಿ?"

ಈಗಲಾದರೂ ಹೇಳಬಹುದಿತ್ತು. ಬಾಗಿಲಿನ ಆಚೆ ಮೈಕಿನ ಪಕ್ಕ ಅಲ್ಮಾಸ್ ತನ್ನ ಮಾತುಗಳನ್ನು ತುಟಿಯಲ್ಲೇ ಗುನುಗುತ್ತಾ ನಿಂತಿದ್ದದ್ದು ಅವರಿಗೆ ಕಾಣುತ್ತಿತ್ತು. ವಿಲನ್ ಎಂದು ತಟ್ಟನೆ ಗೊತ್ತಾಗಲಿಕ್ಕೆ ನನ್ನ ಮಗಳ ಜನರ ಬಟ್ಟೆಯೇ ಬೇಕೇ ಮೇಷ್ಟ್ರೇ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಪಾಷಾ ಸಾಬರ ಬಾಯಿಂದ ಹೊರಗೆ ಬಂದದ್ದು ಬೇರೆ.

"ಅದು ಬಾಡಿಗೆಗೆ ಹೋಗೈತೆ ಮೇಷ್ಟ್ರೇ. ಭೇರ್ಯದಲ್ಲಿ ನಾಟ್ಕ, ತಗೊಂಡೋದ್ರು."

"ಭೇರ್ಯದಲ್ಲಾ?" ಎಂದ ಮಾದೇಶ್. "ನಮ್ಮೂರಲ್ಲಿ ಯಾವ ನಾಟ್ಕನೂ ಇಲ್ವಲ್ಲ ಸಾಬ್ರೇ."

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಊರಿನ ಹೆಸರನ್ನಾದರೂ ನೋಡಿಕೊಂಡು ಹೇಳಬೇಕು. ಪಾಷಾ ಸಾಬರ ಕಿವಿ ಕೆಂಪಾಯಿತು. ಉಮಾಶಂಕರ ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಜಗಳದಲ್ಲಾದರೂ ಮಾತು ಆಚೆ ಬೀಳುತ್ತಿತ್ತು. ಅವರಿಗೆ ಬರೀ ಬೇಜಾರಾಯಿತು.

"ಯಾಕ್ ಸಾಬ್ರೇ, ನಂಗ್ಯಾಕೆ ಸುಳ್ಳು? ನಾನೇನಾದ್ರೂ ತಪ್ಪು ಮಾಡಿದ್ನಾ?"

ಆ ಒಂದು ಪ್ರಶ್ನೆಗೆ ಪಾಷಾ ಸಾಬರು ಕರಗಿಹೋದರು. ಸ್ನೇಹಿತನ ಮುಖ ಬಾಡಿದ್ದನ್ನು ನೋಡಲಾರದೆ ಜೇಬಿಗೆ ಕೈ ಹಾಕಿ ಅಂಗಡಿಯ ಬೀಗದ ಕೈ ತೆಗೆದು ಕೊಟ್ಟುಬಿಟ್ಟರು. ಮಾದೇಶ್ ಬೈಕಿನಲ್ಲಿ ಹೋಗಿ, ಹುಣಸೂರಿನವರ ನಾಟಕ ಮುಗಿಯುವುದರೊಳಗೆ ಟ್ರಂಕು ತಂದ. ಶೇರ್ವಾನಿ ಅವನಿಗೆ ಅಳತೆ ತೆಗೆದು ಹೊಲಿದಂತೆ ಕೂತಿತು. ಗಡ್ಡ ಅಂಟಿಸುವುದು ಮಾತ್ರ ಬೇರೆಯವರಿಗೆ ಬರುವ ಕೆಲಸವಲ್ಲ. ಗೋಂದು ಹಚ್ಚಿ, ಊದಿ, ಕಿವಿಯ ಪಕ್ಕದಿಂದ ಒತ್ತುತ್ತಾ ಬರಬೇಕು. ಪಾಷಾ ಸಾಬರು ಹುಡುಗನ ಗಲ್ಲ ಹಿಡಿದು ಗಡ್ಡ ಅಂಟಿಸುತ್ತಿದ್ದಾಗ ಅಲ್ಮಾಸ್ ಬಾಗಿಲಿಗೆ ಬಂದಳು. ಅಪ್ಪನ ಕೈಗಳನ್ನೇ ನೋಡಿ ಮೈಕಿನ ಕಡೆ ತಿರುಗಿ ಹೋದಳು. ಗಡ್ಡ ನೇರವಾಗಿಯೇ ಕೂತಿತ್ತು.

ಪರದೆ ಎದ್ದಿತು. ಹಸಿರು ಶೇರ್ವಾನಿ ಕಂಡದ್ದೇ ತಡ, ಶಿಳ್ಳೆಯೋ ಶಿಳ್ಳೆ. ಹಿಂದಿನ ಸಾಲಿನಲ್ಲಿ ಕುರ್ಚಿಗಳ ಮೇಲೆ ಟಕಟಕ ಶುರುವಾಯಿತು. ಅಲ್ಮಾಸ್ ಮೈಕಿಗೆ ಬಾಗಿದಳು.

"ಈತ ಚಂಗೀಸ್ ಖಾನ್. ಖಾನ್ ಎಂದರೆ ಮಂಗೋಲರ ಮಾತಿನಲ್ಲಿ ದೊರೆ. ಈತ ಮುಸಲ್ಮಾನನಲ್ಲ."

ಜನ ಅವಳನ್ನು ನೋಡಿದರು. ಗಡ್ಡವನ್ನು ನೋಡಿದರು, ಟೋಪಿಯನ್ನು ನೋಡಿದರು, ಎದೆಯ ಮೇಲಿನ ಅರ್ಧಚಂದ್ರವನ್ನು ನೋಡಿದರು. ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು. ಕೇಳಿಸಲಿಲ್ಲವೇನೋ ಎಂದು ಹುಡುಗಿ ಇನ್ನೊಂದು ಸಲ ಹೇಳಿದಳು. ನಗು ಇಮ್ಮಡಿಯಾಯಿತು. ಮಾದೇಶ್ ಒಳ್ಳೆಯ ನಟ, ಸಿಕ್ಕಿದ ಅವಕಾಶ ಬಿಡುವವನಲ್ಲ. ಗಡ್ಡ ನೀವಿಕೊಂಡು, ಕಣ್ಣರಳಿಸಿ, ನಾನಾ ಎಂಬಂತೆ ಎದೆ ಮುಟ್ಟಿಕೊಂಡ. ಮುಂದಿನ ಸಾಲಿನ ಅತಿಥಿಗಳೂ ಕರವಸ್ತ್ರ ತೆಗೆದರು. ಆಮೇಲೆ ಅವಳು ಏನು ಹೇಳಿದರೂ ನಗುವೇ. ಬಾಗ್ದಾದ್ ಉರಿದದ್ದಕ್ಕೆ ನಕ್ಕರು, ಸತ್ತವರ ಲೆಕ್ಕಕ್ಕೆ ನಕ್ಕರು. ಅಲ್ಮಾಸ್ ಒಂದು ಅಕ್ಷರ ನುಂಗದೆ, ಅಜ್ಟೆಕ್ಕರ ಕೊನೆಯ ದೊರೆ ಸೆರೆಯಾಗುವವರೆಗೆ ಎಲ್ಲವನ್ನೂ ಹೇಳಿ ಮುಗಿಸಿದಳು. ಗರಿ ಕಿರೀಟಕ್ಕೆ ಒಳ್ಳೆಯ ಚಪ್ಪಾಳೆ ಬಿತ್ತಂತೆ. ಪಾಷಾ ಸಾಬರಿಗೆ ಅದು ಕೇಳಿಸಲೇ ಇಲ್ಲ.

ಮೊದಲ ಬಹುಮಾನ ಬಂತು. ಉಮಾಶಂಕರ ಮೇಷ್ಟ್ರು ಕೋಣೆಗೆ ಓಡಿ ಬಂದು ಅಲ್ಮಾಸಳ ತಲೆ ಸವರಿದರು. ಅವರ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. "ಎಂಥಾ ಟೈಮಿಂಗ್ ಕಣಮ್ಮ ನಿಂದು! ಆ ಡೈಲಾಗ್ನ ಎಲ್ಡ್ ಸಲ ಹೇಳ್ದಲ್ಲ, ಜನ ಬಿದ್ದು ಬಿದ್ದು ನಕ್ರು. ಈಟೊಂದು ಕಾಮಿಡಿ ನಿಂಗೆ ಬತ್ತದೆ ಅಂತ ನಂಗೇ ಗೊತ್ತಿರ್ಲಿಲ್ಲ."

"ಥ್ಯಾಂಕ್ಸ್ ಸಾರ್," ಎಂದಳು ಅಲ್ಮಾಸ್.

ಅಪ್ಪ ಮಗಳು ಇಬ್ಬರೂ ನಡೆದೇ ಮನೆಗೆ ಹೊರಟರು. ಪೇಟೆ ದಾಟುವವರೆಗೂ ಪಾಷಾ ಸಾಬರು ಏನೇನೋ ಹೇಳಿದರು. ಕೊನೆ ಗಳಿಗೆಯಲ್ಲಿ ಏನು ಮಾಡಲೂ ತೋಚಲಿಲ್ಲ ಎಂದರು, ಮೇಷ್ಟ್ರ ಮನಸ್ಸು ಒಳ್ಳೆಯದು ಎಂದರು, ಜನರ ನೆನಪು ನಾಲ್ಕು ದಿನದ್ದು ಎಂದರು. ಅಲ್ಮಾಸ್ ಎಲ್ಲಕ್ಕೂ ಹೂಂಗುಟ್ಟಿದಳು. ಆ ಹೂಂ ಅವರಿಗೆ ಬೈಗಳಿಗಿಂತ ಕಷ್ಟವಾಯಿತು.

"ನಾಳೆ ಕಾಲೇಜಿಗೆ ಹೋಗ್ತೀಯಲ್ಲ ಬೇಟಿ?"

ಅವಳು ನಿಂತಳು. "ಮಂಗೋಲರು ಒಂದು ಊರು ಗೆದ್ರೆ ಏನ್ ಮಾಡ್ತಿದ್ರು ಗೊತ್ತಾ ಅಬ್ಬಾ? ಎಲ್ಲಾರನ್ನೂ ಬಯಲಿಗೆ ಹೊರಡಿಸೋರು. ಬಡಗಿ, ನೇಕಾರ, ಕಮ್ಮಾರ, ಕೈಕೆಲ್ಸ ಬರೋರನ್ನೆಲ್ಲ ಒಂದ್ ಕಡೆ ನಿಲ್ಲಿಸೋರು. ಉಳಿದೋರನ್ನ ಕೊಲ್ಲೋರು, ಇವರನ್ನ ಕೊಲ್ತಿರ್ಲಿಲ್ಲ. ಕೆಲ್ಸಕ್ಕೆ ಬೇಕಲ್ಲ."

"ಹಂಗಾದ್ರೆ ನನ್ನ ಬಿಡ್ತಿದ್ರು," ಎಂದರು ಪಾಷಾ ಸಾಬರು, ಅವಳನ್ನು ಹೇಗಾದರೂ ನಗಿಸೋಣವೆಂದು.

"ನಿಮ್ಮನ್ನ ಬಿಡ್ತಿದ್ರು ಅಬ್ಬಾ," ಎಂದಳು. "ನನ್ನನ್ನ ಬಿಡ್ತಿರ್ಲಿಲ್ಲ." ಮತ್ತೆ ನಡೆಯತೊಡಗಿದಳು.

ಮರುದಿನ ಅವಳು ಎದ್ದಳು, ನೀರು ತಂದಳು, ಅಂಗಳ ಗುಡಿಸಿದಳು. ಕಾಲೇಜಿನ ಹೊತ್ತು ಬಂತು, ಹೋಯಿತು, ಅವಳು ಅಮ್ಮನ ಅಡುಗೆಗೆ ಈರುಳ್ಳಿ ಹೆಚ್ಚುತ್ತಾ ಕೂತಳು. ಜಾನ್ ಬೀ ಗಂಡನ ಮುಖ ನೋಡಿದರು, ಗಂಡ ನೆಲ ನೋಡಿದರು.

ಹನ್ನೊಂದು ಗಂಟೆಗೆ ಉಮಾಶಂಕರ ಮೇಷ್ಟ್ರು ಟ್ರಂಕನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಮುಖದಲ್ಲಿ ನಿನ್ನೆಯ ಬಹುಮಾನದ ಕಳೆ ಇನ್ನೂ ಇತ್ತು. "ಎಲ್ರೀ ನಮ್ ಸೂತ್ರಧಾರಿ? ಕ್ಲಾಸಿಗೇ ಬಂದಿಲ್ಲ. ಮುಂದಿನ ತಿಂಗ್ಳು ಮೈಸೂರಲ್ಲಿ ಜಿಲ್ಲಾ ಮಟ್ಟದ್ದು ಐತೆ. ಆ ಕಾಮಿಡಿ ಇನ್ನೊಂದ್ ಚೂರು ಜಾಸ್ತಿ ಮಾಡವಾ ಅಂತಿವ್ನಿ."

"ಅದು ಕಾಮಿಡಿ ಅಲ್ಲ ಮೇಷ್ಟ್ರೇ," ಎಂದರು ಪಾಷಾ ಸಾಬರು.

ಆಮೇಲೆ ಎಲ್ಲವನ್ನೂ ಹೇಳಿದರು. ಮಗಳು ಒಮ್ಮೆ ಹೇಳಿದ್ದ ಬೆಂಚಿನ ಟಕಟಕವನ್ನೇ ಮತ್ತೆ ಹೇಳಿದರು, ಅಜ್ಜ ಬಂದ ಎನ್ನುವುದನ್ನು ಹೇಳಿದರು, ಕಂಬಳಿ ಯಾಕೆ ಹೊಲಿದದ್ದು, ಸುಳ್ಳು ಯಾಕೆ ಹೇಳಿದ್ದು, ಎಲ್ಲ. ತೊದಲುತ್ತಾ, ಹಿಂದು ಮುಂದಾಗಿ ಹೇಳಿದರು. ಉಮಾಶಂಕರ ಮೇಷ್ಟ್ರ ಕಳೆ ಇಳಿಯುತ್ತಾ ಬಂತು. ಅವರು ಕೆಟ್ಟ ಮನುಷ್ಯರಲ್ಲ. ಸಂಕಟದಿಂದ ಎದ್ದು ಬಂದು ಪಾಷಾ ಸಾಬರ ಎರಡು ಕೈಯನ್ನೂ ಹಿಡಿದುಕೊಂಡರು.

"ಥೂ, ಎಂಥಾ ಮಾತು ಸಾಬ್ರೇ! ನಿಮ್ಮನ್ನ ಯಾರಾರ ಒಂದ್ ಮಾತಂದ್ರೆ ನಾನು ಸುಮ್ಕಿರ್ತೀನಾ? ನೀವು ಆ ಥರದೋರಲ್ಲ ಬುಡಿ. ನೀವು ನಮ್ಮೋರು ಕಣ್ರೀ."

ಪಾಷಾ ಸಾಬರು ಈ ಮಾತನ್ನು ಎಷ್ಟೋ ಸಲ ಕೇಳಿದ್ದರು. ಕೇಳಿದಾಗಲೆಲ್ಲ ಎದೆ ತುಂಬಿ ಬರುತ್ತಿತ್ತು. ಇವತ್ತು ನಿಧಾನವಾಗಿ ಕೈ ಬಿಡಿಸಿಕೊಂಡರು.

"ನಾನು ನಿಮ್ಮೋನೇ ಮೇಷ್ಟ್ರೇ. ಒಪ್ದೆ. ನನ್ನ ಮಗಳು ಯಾರೋಳು?"

ಸಾವಿರ ಜನರ ಮುಂದೆ ಗಂಟೆಗಟ್ಟಲೆ ರಾಜನ ಮಾತಾಡುವ ಉಮಾಶಂಕರ ಮೇಷ್ಟ್ರು ಟ್ರಂಕಿನ ಚಿಲಕ ಸರಿಮಾಡಲು ಬಗ್ಗಿದರು. ಬಾಗಿಲ ಪರದೆಯ ಹಿಂದೆ ಈರುಳ್ಳಿ ಹೆಚ್ಚುವ ಸದ್ದು ನಿಂತಿತು. ಅಲ್ಮಾಸ್ ಕೇಳಿಸಿಕೊಂಡಳೆಂದು ಪಾಷಾ ಸಾಬರಿಗೆ ಗೊತ್ತಾಯಿತು. ಈಗ ಎದ್ದು ಬರುತ್ತಾಳೆ ಎಂದುಕೊಂಡು ಆ ಪರದೆಯನ್ನೇ ನೋಡುತ್ತಾ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಹೆಚ್ಚುವ ಸದ್ದು ಮತ್ತೆ ಶುರುವಾಯಿತು.